ಗದ್ದೆ ಹೋಗಿ ಪ್ಯಾಕೆಟ್ ಬಂತು



ಶಿಕಾರಿಪುರದಲ್ಲಿ ಬಸ್ಸು ಹತ್ತಿ, ಶಿರಾಳಕೊಪ್ಪ ದಾಟಿ, ಸೊರಬದವರೆಗೆ ಬನ್ನಿ. ದಾರಿಯಲ್ಲಿ ಕೆರೆ ಸಿಗುತ್ತದೆ, ಗುಡಿ ಸಿಗುತ್ತದೆ. ಮೆಕ್ಕೆಜೋಳದ ಹೊಲ, ಶುಂಠಿ ಮಡಿ, ಅಡಿಕೆ ತೋಟ ಸಿಗುತ್ತವೆ. ಅಲ್ಲೊಂದು ಇಲ್ಲೊಂದು ಅಕ್ಕಿ ಗಿರಣಿ ಇದೆ. ಆಕಾಶಕ್ಕೆ ಹೊಗೆ ಬಿಡುವ ದೊಡ್ಡ ಕಾರ್ಖಾನೆ ಮಾತ್ರ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಕೈಗಾರಿಕೆ ಮತ್ತು ಕೊಳ್ಳುಬಾಕತನ ನಮ್ಮ ಸಮಾಜವನ್ನು ಹೇಗೆ ಬದಲಿಸಿದವು ಎಂಬ ವಿಷಯ ನನ್ನ ಪಾಲಿಗೆ ಬಂದಾಗ ಮೊದಲು ಹೊಳೆದದ್ದು ಈ ದಾರಿಯೇ. ದೊಡ್ಡ ಕಾರ್ಖಾನೆಯೇ ಕಾಣದ ಈ ದಾರಿಯ ಎರಡು ತಾಲ್ಲೂಕುಗಳ ಬಗ್ಗೆ ಏನು ಹೇಳಲಿ ಅನಿಸಿತು. ನಾಲ್ಕು ದಿನ ನಮ್ಮೂರನ್ನೇ ಸುತ್ತಿದೆ. ಹಿರಿಯರ ಹತ್ತಿರ ಕೂತು ಮಾತಾಡಿದೆ. ಆಗ ಗೊತ್ತಾಯಿತು. ಕಾರ್ಖಾನೆ ನಮ್ಮೂರಿಗೆ ಬರಲಿಲ್ಲ, ನಿಜ. ನಮ್ಮೂರೇ ಕಾರ್ಖಾನೆಗೆ ಹೋಯಿತು. ಗಂಧ ಹೋಯಿತು. ಬಿದಿರು ಹೋಯಿತು. ಬೆಟ್ಟ ಹೋಯಿತು. ಈಗ ಅಡಿಕೆ ಹೋಗುತ್ತಿದೆ. ಹೋದದ್ದೆಲ್ಲ ಪ್ಯಾಕೆಟ್ಟಾಗಿ ನಮ್ಮ ಅಂಗಡಿಗೇ ತಿರುಗಿ ಬರುತ್ತಿದೆ. ಮಾಡಿಕೊಂಡು ಬದುಕುತ್ತಿದ್ದವರು ಕೊಂಡುಕೊಂಡು ಬದುಕುವವರಾಗಿದ್ದೇವೆ. ಇವತ್ತಿನ ಮಾತೆಲ್ಲ ಇಷ್ಟರ ಸುತ್ತಲೇ.

ಗಂಧದಿಂದ ಶುರು ಮಾಡುತ್ತೇನೆ. ಸೊರಬ ಎಂದರೆ ಗಂಧದ ಕೆತ್ತನೆ, ಕೆತ್ತನೆ ಎಂದರೆ ಗುಡಿಗಾರರು. ಸೊರಬ, ಸಾಗರ, ಶಿರಸಿಯ ಗುಡಿಗಾರರ ಕೈಗೆ ಒಂದು ಕಾಲಕ್ಕೆ ಎಲ್ಲ ಕೆಲಸವೂ ಬರುತ್ತಿತ್ತು. ತೇರು ಕೆತ್ತುವವರು ಅವರೇ. ಚೌತಿಗೆ ಮಣ್ಣಿನ ಗಣಪತಿ ಮಾಡುವವರು ಅವರೇ. ಮದುವೆಗೆ ಬೆಂಡಿನ ಬಾಸಿಂಗ ಕಟ್ಟುವವರೂ ಅವರೇ. ನಾನು ಹುಡುಗನಾಗಿದ್ದಾಗ ಬಾಸಿಂಗ ತರಲು ಅಜ್ಜಿಯ ಜೊತೆ ಒಬ್ಬ ಗುಡಿಗಾರರ ಮನೆಗೆ ಹೋಗಿದ್ದೆ. ಜಗುಲಿ ಹತ್ತುವ ಮೊದಲೇ ಗಂಧದ ವಾಸನೆ. ಒಳಗೆ ಕೊಡತಿಯ ಪೆಟ್ಟಿನ ಸಣ್ಣ ಸದ್ದು, ಟಕ್ ಟಕ್ ಎಂದು, ಒಂದೇ ಲಯದಲ್ಲಿ. ಗೇಣುದ್ದದ ತುಂಡಿನ ಮೇಲೆ ಬಳ್ಳಿ ಬಿಡಿಸುತ್ತಿದ್ದರು. ಉಳಿಯ ಬಾಯಿ ಭತ್ತದ ಕಾಳಿಗಿಂತ ಅಗಲವಿರಲಿಲ್ಲ. ಮಡಿಲ ಕೆಳಗೆ ಬಟ್ಟೆ ಹಾಸಿಕೊಂಡಿದ್ದರು. ಉದುರಿದ ಪುಡಿಯನ್ನೂ ಅವರು ಚೆಲ್ಲುತ್ತಿರಲಿಲ್ಲ.

ಗಂಧದ ಮರಕ್ಕೆ ರಾಜಮರದ ಪಟ್ಟ ಸಿಕ್ಕಿದ್ದು ಟಿಪ್ಪುವಿನ ಕಾಲಕ್ಕೆ, 1792ರಲ್ಲಿ. ಅದನ್ನು ಕಾರ್ಖಾನೆಯ ಕಚ್ಚಾವಸ್ತು ಮಾಡಿದ್ದು ಮೊದಲ ಮಹಾಯುದ್ಧ. ಮೈಸೂರಿನ ಗಂಧ ಅಲ್ಲಿಯವರೆಗೆ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಯುದ್ಧ ಬಂದು ಹಡಗುಗಳು ನಿಂತವು. ಕೊರಡುಗಳು ಗಂಧದ ಉಗ್ರಾಣಗಳಲ್ಲೇ ಉಳಿದವು. ಆಗ, 1916ರಲ್ಲಿ, ಮೈಸೂರಿನಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಆಯಿತು. ಅದರ ಬೆನ್ನಿಗೆ ಸೋಪು ಬಂತು. 1944ರಲ್ಲಿ ನಮ್ಮ ಶಿವಮೊಗ್ಗಕ್ಕೂ ಗಂಧದೆಣ್ಣೆಯ ಕಾರ್ಖಾನೆ ಬಂತು. ನಾಡಿಗೆ ಅದು ಹೆಮ್ಮೆಯ ಮಾತೇ. ಆದರೆ ಒಂದು ವಿಚಾರ ಗಮನಿಸಿ. ರೈತನ ಹಿತ್ತಲಲ್ಲಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ ಆಗಿತ್ತು. ಆ ಕಾನೂನು ಸಡಿಲವಾದದ್ದು 2001ರಲ್ಲಿ. ಅಷ್ಟರವರೆಗೆ ಬೇಲಿಯಲ್ಲಿ ಗಂಧದ ಸಸಿ ಕಂಡರೆ ನಮ್ಮವರು ಹೆದರಿ ಕಿತ್ತು ಬಿಸಾಡುತ್ತಿದ್ದರು. ದೊಡ್ಡದಾದರೆ ಕಳ್ಳರ ಕಾಟ, ಪೊಲೀಸರ ಕಾಟ. ತನ್ನ ನೆಲದ ಮರವನ್ನು ತಾನೇ ಚಿಗುರಿನಲ್ಲಿ ಕೀಳುವಂತಾದ ಮೇಲೆ ಕಾಡಿನಲ್ಲಿ ಗಂಧ ಎಷ್ಟು ದಿನ ಉಳಿದೀತು? ಇವತ್ತು ಗುಡಿಗಾರರಲ್ಲಿ ಎಷ್ಟೋ ಮಂದಿ ಶಿವನೆ ಮರದಲ್ಲಿ ಕೆತ್ತುತ್ತಾರೆ. ಗಂಧದ ವಾಸನೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಸೋಪಿನಿಂದ.

ಕೇಳುಗರೇ, ಗಂಧ ಊರು ಬಿಟ್ಟು ಸೋಪಾಗಿ ಬಂದ ಕಥೆ ಹೇಳಿದೆ. ಇನ್ನು ಬಿದಿರು ಮತ್ತು ಬೆಟ್ಟ.

ನೀವು ಈ ಮಾತು ಕೇಳುತ್ತಿರುವುದು ಭದ್ರಾವತಿಯ ಆಕಾಶವಾಣಿಯಿಂದ. ನಮ್ಮ ಜಿಲ್ಲೆಯ ಕಾರ್ಖಾನೆಗಳ ಊರು ಇದು. ಇಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಆಗ ಅದಿರು ಕರಗಿಸಿದ್ದು ಇದ್ದಲಿನ ಬೆಂಕಿಯಲ್ಲಿ. ಆ ಇದ್ದಲು ಮಲೆನಾಡಿನ ಮರ ಸುಟ್ಟು ಮಾಡಿದ್ದು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಎರಡೂ ಸಾವಿರಾರು ಮನೆಗಳ ಒಲೆ ಹೊತ್ತಿಸಿವೆ. ಅದನ್ನು ಸಣ್ಣದು ಮಾಡಲಾರೆ. ನನ್ನ ಬಂಧುಗಳಲ್ಲೇ ಆ ಸಂಬಳದಲ್ಲಿ ಮಕ್ಕಳನ್ನು ಓದಿಸಿದವರಿದ್ದಾರೆ.

ಆದರೆ ಬೆಲೆ ಯಾರು ತೆತ್ತರು ಎಂಬುದನ್ನೂ ಹೇಳಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಒಂದು ಲೆಕ್ಕವನ್ನು ಮತ್ತೆ ಮತ್ತೆ ಬರೆದರು. ಐವತ್ತರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಕಾಡಿನ ಬಿದಿರು ಸಿಕ್ಕಿದ್ದು ಟನ್ನಿಗೆ 1 ರೂಪಾಯಿ 50 ಪೈಸೆಯಂತೆ. ಬುಟ್ಟಿ ಹೆಣೆಯುವ ಮೇದಾರ ಪೇಟೆಯಲ್ಲಿ ಕೊಳ್ಳಹೋದರೆ ಅದೇ ಬಿದಿರು ಟನ್ನಿಗೆ ಸಾವಿರ ರೂಪಾಯಿಗೂ ಮೇಲೆ. ಒಂದೇ ಕಾಡು, ಒಂದೇ ಬಿದಿರು. ಬೆಲೆ ಮಾತ್ರ ಎರಡು. ಈ ಎರಡು ಬೆಲೆಯನ್ನು ನೆನಪಿಟ್ಟುಕೊಳ್ಳಿ. ಬುಟ್ಟಿಯ ಮಾತು ಮುಂದೆ ಮತ್ತೆ ಬರುತ್ತದೆ.

ಬಿದಿರು ಮುಗಿಯುತ್ತ ಬಂದ ಮೇಲೆ ಕಾರ್ಖಾನೆಗಳ ಕಣ್ಣು ಬೆಟ್ಟದ ಮೇಲೆ ಬಿತ್ತು. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಸುಮಾರು 30,000 ಹೆಕ್ಟೇರ್ ಕಾಡುಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ನೀಲಗಿರಿ ಬಂತು, ಅಕೇಶಿಯಾ ಬಂತು. 1984ರಲ್ಲಿ ಇನ್ನೊಂದು ಒಪ್ಪಂದವಾಯಿತು. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮತ್ತೆ ಸುಮಾರು 30,000 ಹೆಕ್ಟೇರ್ ಅದಕ್ಕೆ ಕೊಡುವುದೆಂದಾಯಿತು. ದನ ಮೇಯುವ, ಸೌದೆ ಆಯುವ, ಸೊಪ್ಪು ಕೊಯ್ಯುವ ಭೂಮಿ ಅದು. ಅಲ್ಲಿ ನೀಲಗಿರಿ ಬೆಳೆದು, ತಿರುಳು ಮಾಡಿ, ಆ ತಿರುಳಿನಿಂದ ರೇಯಾನ್ ನೂಲು. ಆ ನೂಲಿನಿಂದ ಪೇಟೆಯವರ ಹೊಳೆಯುವ ಬಟ್ಟೆ.

ಆನವಟ್ಟಿಯ ಕಡೆಯಿಂದ ಸೊರಬದ ಗಡಿ ದಾಟಿದರೆ ಹಾನಗಲ್ ತಾಲ್ಲೂಕು. ಅಲ್ಲಿಯ ಕುಸನೂರಿನ ಜನ ಈ ಒಪ್ಪಂದವನ್ನು ಒಪ್ಪಲಿಲ್ಲ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಜೊತೆಗೆ ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತ ಗುಂಡಿಯಲ್ಲೇ ಊರಿಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಎಂದು ಅದರ ಹೆಸರು. ನಾಲ್ಕು ವರ್ಷಕ್ಕೆ, 1991ರಲ್ಲಿ, ಆ ಕಂಪನಿಯೇ ಮುಚ್ಚಿತು. ಬೇಡ ಎಂದು ಕಿತ್ತು ಹೋದವರ ಹೋರಾಟವಲ್ಲ ಅದು. ಏನು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೇ ನೆಟ್ಟು ಹೋದರು. ನಮ್ಮ ಪಕ್ಕದ ಊರಿನವರ ಈ ಕೆಲಸವನ್ನು ಶಾಲೆಯ ಮಕ್ಕಳಿಗೆ ಹೇಳಿಕೊಡಬೇಕು ಎಂದು ನನಗೆ ಬಹಳ ಅನಿಸುತ್ತದೆ.

ಗಂಧದ ಮಾತಾಯಿತು, ಬೆಟ್ಟದ ಮಾತಾಯಿತು. ಎರಡರಲ್ಲೂ ನಮ್ಮ ಸೊತ್ತನ್ನು ಕೊಟ್ಟವರು ಬೇರೆಯವರು. ಮೂರನೆಯದರಲ್ಲಿ ಕೊಟ್ಟವರು ನಾವೇ. ಅದು ಗದ್ದೆಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈಗ 60 ದಾಟಿದವರಿಗೆ ನೆನಪಿರುತ್ತದೆ. ಸೊರಬ, ಶಿಕಾರಿಪುರ ಎಂದರೆ ಕೆರೆ ಮತ್ತು ಭತ್ತ. ಕೆರೆಯ ಕೆಳಗೆ ಗದ್ದೆ, ಗದ್ದೆಯ ಮೇಲೆ ಊರು. ಮಳೆಗಾಲದಲ್ಲಿ ಗೊರಬು ಹಾಕಿಕೊಂಡು ಬಗ್ಗಿದ ಹೆಂಗಸರ ಸಾಲು. ಗೊರಬು ಗೊತ್ತಲ್ಲ, ಬಿದಿರ ಕಡ್ಡಿಗೆ ಎಲೆ ಹೆಣೆದ ಮಳೆಯ ಹೊದಿಕೆ. ತಲೆಯಿಂದ ಸೊಂಟದವರೆಗೆ ಬರುತ್ತಿತ್ತು. ದೂರದಿಂದ ನೋಡಿದರೆ ಗದ್ದೆಯಲ್ಲಿ ಆಮೆಗಳು ಸಾಲಾಗಿ ಹೊರಟ ಹಾಗೆ. ಸಸಿ ನೆಡುತ್ತ ಹಾಡು ಹೇಳುತ್ತಿದ್ದರು. ಹಾಡು ಒಂದು ಗದ್ದೆಯಲ್ಲಿ ನಿಂತರೆ ಪಕ್ಕದ ಗದ್ದೆಯಲ್ಲಿ ಏಳುತ್ತಿತ್ತು.

ತೊಂಬತ್ತರ ದಶಕದಿಂದ ಈಚೆಗೆ ಆ ಗದ್ದೆಗಳಿಗೆ ಅಡಿಕೆ ಇಳಿಯಿತು. ಅಡಿಕೆ ನಮಗೆ ಹೊಸದಲ್ಲ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಣಿವೆಗಳಲ್ಲಿ, ಸೊರಬದ ಕೆಲವು ಕಡೆಗಳಲ್ಲಿ ಹಿಂದಿನಿಂದಲೂ ತೋಟಗಳಿದ್ದವು. ಬೆಳೆಗಾರರ ಸಹಕಾರ ಸಂಘ ಮ್ಯಾಮ್‌ಕೋಸ್ ಹುಟ್ಟಿದ್ದು 1939ರಲ್ಲಿ. ಹೊಸದಾಗಿ ಬಂದದ್ದು ಪ್ಯಾಕೆಟ್ಟು. ಎಂಬತ್ತರ ದಶಕದಲ್ಲಿ ಪಾನ್ ಮಸಾಲ, ಗುಟ್ಕಾ ಸಣ್ಣ ಸಣ್ಣ ಪ್ಯಾಕೆಟ್ಟಿಗೆ ಇಳಿದವು. ಎಲೆ ಬೇಡ, ಸುಣ್ಣ ಬೇಡ, ಕೂತು ಮೆಲ್ಲುವ ಹೊತ್ತೂ ಬೇಡ. ಹರಿದು ಬಾಯಿಗೆ ಸುರಿದುಕೊಂಡರೆ ಆಯಿತು. ಇಡೀ ಉತ್ತರ ಭಾರತ ಹಾಗೆ ಸುರಿದುಕೊಳ್ಳತೊಡಗಿತು. ನಮ್ಮ ರಾಶಿ ಇಡಿ ಅಡಿಕೆಗೆ ಬೆಲೆ ಏರಿತು.

ಬೆಲೆ ಏರಿದಾಗ ರೈತ ಏನು ಮಾಡಬೇಕು? ಭತ್ತ ಬೆಳೆದವನಿಗೆ ಖರ್ಚೂ ಹುಟ್ಟುತ್ತಿರಲಿಲ್ಲ. ಅಡಿಕೆ ಹಾಕಿದವನು ಮನೆಗೆ ತಾರಸಿ ಹಾಕಿಸಿದ, ಮಗಳನ್ನು ಇಂಜಿನಿಯರಿಂಗ್ ಓದಿಸಿದ. ನಾನೂ ಹಾಕಿದ್ದೇನೆ. ಎಕರೆಗೆ ಸುಮಾರು 500 ಗಿಡ. ಆರೇಳು ವರ್ಷಕ್ಕೆ ಫಸಲು. ನಮ್ಮ ಮನೆ ನಡೆಯುತ್ತಿರುವುದೂ ಅಡಿಕೆಯಿಂದಲೇ. ಹಾಗಾಗಿ ಈಗ ಹೇಳುವ ಮಾತು ನೆರೆಯವನ ಮೇಲಿನ ದೂರಲ್ಲ, ನಮ್ಮ ಮನೆಯ ಲೆಕ್ಕ.

ಗದ್ದೆ ತೋಟವಾದಾಗ ಹೋದದ್ದು ಭತ್ತ ಒಂದೇ ಅಲ್ಲ. ಭತ್ತ ಹೋದ ಮೇಲೆ ಹುಲ್ಲು ಹೋಯಿತು. ಹುಲ್ಲಿನ ಬಣವೆ ಇಲ್ಲದ ಮೇಲೆ ಕೊಟ್ಟಿಗೆ ಖಾಲಿಯಾಯಿತು. ದನ ಇಲ್ಲ ಎಂದ ಮೇಲೆ ಗೊಬ್ಬರ ಇಲ್ಲ. ಗೊಬ್ಬರ ಚೀಲದಲ್ಲಿ ಬಂತು. ಹಾಲು ಪ್ಯಾಕೆಟ್ಟಿನಲ್ಲಿ ಬಂತು. ಅಕ್ಕಿ ಅಂಗಡಿಯಿಂದ ಬಂತು. ನನ್ನ ಅಜ್ಜಿಯ ಕಾಲದಲ್ಲಿ ನಮ್ಮ ಮನೆಗೆ ಪೇಟೆಯಿಂದ ತರುತ್ತಿದ್ದದ್ದು ಉಪ್ಪು, ಸೀಮೆಎಣ್ಣೆ, ಬಟ್ಟೆ, ಚಾಪುಡಿ. ಈಗ ಮನೆಯಲ್ಲಿ ಆಗುವುದು ಏನು ಎಂದು ಎಣಿಸಿದರೆ ಒಂದು ಕೈಯ ಬೆರಳು ಸಾಕು.

ನೀರಿನ ಮಾತೂ ಇದೆ. ಭತ್ತದ ಗದ್ದೆ ಮಳೆಯ ನೀರನ್ನು ಬದುವಿನೊಳಗೆ ಹಿಡಿದು ನಿಲ್ಲಿಸುತ್ತದೆ. ನಿಂತ ನೀರು ಮೆಲ್ಲಗೆ ನೆಲಕ್ಕೆ ಇಳಿಯುತ್ತದೆ, ಬಾವಿಗೆ ಸೇರುತ್ತದೆ. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಅದಕ್ಕೆ ಬಸಿಗಾಲುವೆ ತೋಡುತ್ತೇವೆ. ಮಳೆಗಾಲದ ನೀರನ್ನು ಹೊರಗೆ ಕಳಿಸುತ್ತೇವೆ. ಬೇಸಿಗೆಯಲ್ಲಿ ಅದೇ ನೀರನ್ನು ಕೊಳವೆಬಾವಿಯಿಂದ ಮೇಲೆತ್ತುತ್ತೇವೆ. ಕೆರೆಗಳ ನಾಡಿನಲ್ಲಿ ಮಾರ್ಚ್ ತಿಂಗಳಿಗೆ ಬೋರ್‌ವೆಲ್ ಲಾರಿಯ ಸದ್ದು ಕೇಳುವುದು ಇದರಿಂದ.

ಗದ್ದೆ ಹೋದದ್ದು ಹೇಳಿದೆ. ಬಂದ ಪ್ಯಾಕೆಟ್ಟಿನ ಬಗ್ಗೆಯೂ ಹೇಳಬೇಕು.

ನಮ್ಮೂರಿನ ಬಸ್ ನಿಲ್ದಾಣದ ಪಕ್ಕ ಒಂದು ಗೂಡಂಗಡಿ. ಮುಂದೆ ಪ್ಯಾಕೆಟ್ಟುಗಳು ತೋರಣದ ಹಾಗೆ ಇಳಿಬಿದ್ದಿವೆ. ಗಾಳಿ ಬಂದರೆ ಸರಸರ ಸದ್ದು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ 31ರಂದು. ಆಮೇಲೆ ಏನಾಯಿತು? ಅಡಿಕೆಯ ಪುಡಿ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು. ಎರಡನ್ನೂ ಒಟ್ಟಿಗೆ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಮೊದಲು ಒಂದು ಪ್ಯಾಕೆಟ್ ಚರಂಡಿಗೆ ಬೀಳುತ್ತಿತ್ತು, ಈಗ ಎರಡು.

ಹೋದ ಕೊಯ್ಲಿಗೆ ನಮ್ಮ ತೋಟಕ್ಕೆ ಬಂದಿದ್ದ ಒಬ್ಬ ಆಳು, 30ರ ಆಸುಪಾಸಿನವನು, ಊಟಕ್ಕೆ ಕೂತ. ಅನ್ನವನ್ನು ಕಲಸಿ, ಗಂಜಿ ಮಾಡಿಕೊಂಡು, ಸಣ್ಣ ಸಣ್ಣ ತುತ್ತು ಬಾಯಿಗೆ ತಳ್ಳುತ್ತಿದ್ದ. "ಯಾಕೋ ತಮ್ಮಾ, ಹಲ್ಲು ನೋವಾ?" ಎಂದೆ. "ಇಲ್ಲ ಅಣ್ಣಾರೆ, ಬಾಯಿ ತೆಗಿಯಾಕೆ ಆಗಲ್ಲ" ಅಂದ. ತೋರಿಸಿದ. ಮೂರು ಬೆರಳು ಹೋಗಬೇಕಾದ ಬಾಯಿಗೆ ಒಂದೂವರೆ ಬೆರಳು ಹೋಗುತ್ತಿತ್ತು. ಹದಿನೈದು ವರ್ಷದಿಂದ ಪ್ಯಾಕೆಟ್ ಹಾಕುತ್ತಿದ್ದಾನೆ. ಕೆನ್ನೆಯ ಒಳಭಾಗ ಚಕ್ಕಳದ ಹಾಗೆ ಬಿಗಿದುಕೊಂಡಿದೆ. ಅಡಿಕೆ ಜಗಿಯುವವರಿಗೆ ಬರುವ ಕಾಯಿಲೆ ಅದು, ಕ್ಯಾನ್ಸರಿಗೆ ಹೋಗುವ ದಾರಿ. ಅವನು ಆ ದಿನ ಹೊತ್ತು ತಂದದ್ದು ನನ್ನ ತೋಟದ ಗೊನೆ. ಆ ಊಟ ನನಗೆ ಇನ್ನೂ ಇಳಿದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ಹೇಳುತ್ತದೆ. ಬೆಳೆಗಾರರಾದ ನಮಗೆ ಇದು ಕಹಿ. ನಮ್ಮ ಸಭೆಗಳಲ್ಲಿ ಇದರ ಮಾತು ಬಂದರೆ ಗದ್ದಲವಾಗುತ್ತದೆ. ತಾಂಬೂಲದ ಗೌರವ ಬೇರೆ ಎನ್ನುತ್ತೇವೆ. ಇರಬಹುದು. ಮದುವೆಗೆ ಒಂದು ವೀಳ್ಯ ಹಾಕುವುದಕ್ಕೂ ದಿನಕ್ಕೆ 20 ಪ್ಯಾಕೆಟ್ ಹರಿಯುವುದಕ್ಕೂ ಬಹಳ ದೂರವಿದೆ. ಆದರೆ ನಮ್ಮ ತೋಟಗಳನ್ನು ಗದ್ದೆಗೆ ಇಳಿಸಿದ್ದು ಮದುವೆಯ ವೀಳ್ಯವಲ್ಲ, ಆ 20 ಪ್ಯಾಕೆಟ್. ಇದನ್ನು ಬೆಳೆಗಾರರೇ ಮೊದಲು ಒಪ್ಪಿಕೊಳ್ಳಬೇಕು.

ಕೇಳುಗರೇ, ಗಂಧ, ಬೆಟ್ಟ, ಗದ್ದೆ, ಮೂರನ್ನೂ ನೋಡಿದೆವು. ಹಾಗಾದರೆ ವ್ಯಾಪಾರವೇ ಬೇಡವೇ ಎಂದು ಕೇಳಬಹುದು. ಆ ಮಾತು ನಮ್ಮ ಮಣ್ಣಿನವರು ಆಡಲಾರರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಸಾವಿರ ವರ್ಷದ ಹಿಂದೆ ದೊಡ್ಡ ವ್ಯಾಪಾರದ ಪಟ್ಟಣವಾಗಿತ್ತು. ವರ್ತಕರ ಸಂಘಗಳ ಹೆಸರುಗಳು ಅಲ್ಲಿಯ ಶಾಸನಗಳಲ್ಲಿವೆ. ಕೇದಾರೇಶ್ವರನ ಗುಡಿಗೆ ಸೇರಿದ ಕೋಡಿಯ ಮಠದ 1162ರ ಶಾಸನ ಓದಿದರೆ ಆಶ್ಚರ್ಯವಾಗುತ್ತದೆ. ಅಲ್ಲಿ ಓದು ನಡೆಯುತ್ತಿತ್ತು. ಹಸಿದವರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಮದ್ದು ಸಿಗುತ್ತಿತ್ತು. ಕೆರೆಯ ಕೋಡಿಯ ಬಳಿ ಇದ್ದ ಮಠ ಅದು. ಪೇಟೆಗೆ ಬಂದ ಹಣ ಅದೇ ಊರಿನ ಅನ್ನವಾಗಿ, ಮದ್ದಾಗಿ ಹರಿಯುತ್ತಿತ್ತು.

ಬಳ್ಳಿಗಾವಿಯ ಇನ್ನೊಂದು ಸಂಗತಿ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಂಡವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅವುಗಳಲ್ಲಿ ಕೆಲವನ್ನು ಕೆತ್ತಿದವನು ದಾಸೋಜ. ಅವನ ಮಗ ಚಾವಣನೂ ಜೊತೆಗಿದ್ದ. ಇಬ್ಬರೂ ಬಳ್ಳಿಗಾವಿಯವರು. ಕೆತ್ತಿದ ಕಲ್ಲಿನ ಮೇಲೆ ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಬರೆದಿಟ್ಟರು. 900 ವರ್ಷವಾದರೂ ಓದಬಹುದು. ಈಗ ಆ ಗೂಡಂಗಡಿಯ ಒಂದು ಪ್ಯಾಕೆಟ್ ಬಿಡಿಸಿ ನೋಡಿ. ಕಂಪನಿಯ ಹೆಸರಿದೆ, ಬೆಲೆ ಇದೆ, ಎಚ್ಚರಿಕೆಯ ಮಾತಿದೆ. ಆ ಅಡಿಕೆಯನ್ನು ಬೆಳೆದವರ, ಸುಲಿದವರ, ಬೇಯಿಸಿದವರ ಊರು ಎಲ್ಲಿಯೂ ಇಲ್ಲ. ನಮ್ಮ ಕೆಲಸದ ಮೇಲೆ ನಮ್ಮ ಊರಿನ ಹೆಸರಿಲ್ಲ. ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದು.

ಇನ್ನು ಸ್ವಲ್ಪವೇ ಹೊತ್ತು ಉಳಿದಿದೆ. ಬಿದಿರ ಬುಟ್ಟಿಯ ಮಾತು ಮತ್ತೆ ಬರುತ್ತದೆ ಎಂದಿದ್ದೆ.

ಭೂಮಿ ಹುಣ್ಣಿಮೆ ಬರುತ್ತಿದೆ. ಸೊರಬ, ಸಾಗರದ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿ ಎಂಬ ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಸುಟ್ಟ ಅಕ್ಕಿಯೇ ಕಪ್ಪು ಬಣ್ಣ. ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ. ಬೆಳಕು ಹರಿಯುವ ಮೊದಲು ಆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಹೊಡೆ ತುಂಬಿದ ಭತ್ತವೆಂದರೆ ಬಸುರಿ ಹೆಂಗಸು. ಅವಳಿಗೆ ಬಯಕೆಯ ಊಟ ಇಕ್ಕುವ ಹಬ್ಬ ಇದು. ಈಗ ಎಷ್ಟೋ ಮನೆಯವರು ಬುಟ್ಟಿಯನ್ನು ಅಡಿಕೆ ತೋಟಕ್ಕೆ ಒಯ್ಯುತ್ತಾರೆ. ಭಕ್ತಿಗೆ ಕೊರತೆಯಿಲ್ಲ. ಆದರೆ ನಮ್ಮ ಮನೆಯ ಮೊಮ್ಮಗಳು ಕಳೆದ ವರ್ಷ, "ಅಜ್ಜಾ, ಬಸುರಿ ಎಲ್ಲಿದಾಳೆ?" ಎಂದು ಕೇಳಿದಳು. ತೋಟದ ನಡುವೆ ನಿಂತು ನಾನು ತೋರಿಸಲಾರದೆ ಹೋದೆ.

ಅಡಿಕೆ ಕಡಿಯಿರಿ ಎಂದು ನಾನು ಹೇಳುವುದಿಲ್ಲ. ನಾನೂ ಕಡಿದಿಲ್ಲ. ಉಳಿದ ಗದ್ದೆಗೆ ಅಡಿಕೆ ಇಳಿಸಬೇಡಿ ಎಂದು ಕೇಳುತ್ತೇನೆ. ಕೆರೆಯಂಗಳವನ್ನು ತೋಟಕ್ಕೆ ಸೇರಿಸಿಕೊಳ್ಳಬೇಡಿ. ಮನೆಗೆ ಬೇಕಾದಷ್ಟು ಅಕ್ಕಿಗೆ ಅರ್ಧ ಎಕರೆಯಾದರೂ ಭತ್ತಕ್ಕೆ ಬಿಡಿ. ನಿಮ್ಮ ತೋಟಕ್ಕೆ ಬರುವ ಆಳುಮಕ್ಕಳ ಕೈಯಲ್ಲಿ ಪ್ಯಾಕೆಟ್ ಕಂಡರೆ ಕಂಡೂ ಕಾಣದಂತೆ ಇರಬೇಡಿ. ನಮ್ಮ ಮನೆಯಲ್ಲಿ ಈ ವರ್ಷ ಬಾವಿಯ ಪಕ್ಕದ ಎರಡು ಮಡಿಗೆ ಭತ್ತ ನೆಟ್ಟಿದ್ದೇವೆ. ನಿಮ್ಮಲ್ಲಿ ಹೊಡೆ ತುಂಬಿದ ಗದ್ದೆ ಉಳಿದಿದ್ದರೆ, ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಪಕ್ಕದ ಮನೆಯ ಮಕ್ಕಳನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ.